ಕೂಸು ಯಾರನ್ನು ಹಚ್ಚಿಕೊಂಡಿದೆ?

1954ರ ಮಾತು. ಉಗಾಂಡಾದ ಕಂಪಾಲಾ ಸುತ್ತಮುತ್ತಲ ಹಳ್ಳಿಗಳಲ್ಲಿ, ಬೆಳಗಿನ ಕೆಲಸ ಮುಗಿಸಿದ ಹೆಂಗಸರು ಕೊಂಚ ದಣಿವಾರಿಸಿಕೊಳ್ಳುವ ಮಧ್ಯಾಹ್ನದ ಹೊತ್ತಿಗೆ, ನಲವತ್ತರ ಆಸುಪಾಸಿನ ಒಬ್ಬ ಬಿಳಿ ಮಹಿಳೆ ಮನೆಮನೆಗೆ ಹೋಗಿ ಕೂರುತ್ತಿದ್ದರು. ಜೊತೆಯಲ್ಲಿ ಕೇಟಿ ಕಿಬುಕಾ ಎಂಬ ದುಭಾಷಿ. ಎರಡು ಗಂಟೆ ಕೂತು ಮನೆಯ ಕೂಸನ್ನು ನೋಡುವುದು, ತಾಯಿಯ ಜೊತೆ ಮಾತಾಡುವುದು, ಬರೆದುಕೊಳ್ಳುವುದು, ಇಷ್ಟೇ ಅವರ ಕೆಲಸ. ತಾಯಿ ಎದ್ದು ಹೊರಗೆ ಹೋದರೆ ಕೂಸು ಅಂಬೆಗಾಲಿಟ್ಟು ಹಿಂದೆ ಹೋಗುತ್ತದೆಯೇ? ಯಾರು ಎತ್ತಿಕೊಂಡರೆ ಅಳು ನಿಲ್ಲುತ್ತದೆ? ಆಡುತ್ತ ಆಡುತ್ತ ನಾಲ್ಕು ಮಾರು ದೂರ ಹೋದ ಕೂಸು ತಿರುಗಿ ಯಾರ ಮುಖ ನೋಡುತ್ತದೆ? ಎರಡು ವಾರಕ್ಕೊಮ್ಮೆ ಅದೇ ಮನೆಗೆ ಮತ್ತೆ ಹೋಗುವುದು, ಮತ್ತೆ ಕೂತು ನೋಡುವುದು. ಹೀಗೆ 26 ಮನೆ, 28 ಕೂಸು.

ಆ ಮಹಿಳೆಯ ಹೆಸರು ಮೇರಿ ಏನ್ಸ್‌ವರ್ತ್. ‘ಕೂಸು ಅಜ್ಜಿಯನ್ನು ತುಂಬ ಹಚ್ಚಿಕೊಂಡಿದೆ’ ಎಂದು ನಮ್ಮ ಮನೆಗಳಲ್ಲಿ ಸಲೀಸಾಗಿ ಆಡುತ್ತೇವಲ್ಲ, ಆ ಹಚ್ಚಿಕೊಳ್ಳುವುದನ್ನು ಮನೋವಿಜ್ಞಾನ ‘ಅಟ್ಯಾಚ್‌ಮೆಂಟ್’ ಎನ್ನುತ್ತದೆ. ಅದರಲ್ಲಿ ಬಗೆಗಳಿವೆ ಎಂದು ಗುರುತಿಸಿ, ಆ ಬಗೆಗಳನ್ನು ಪತ್ತೆಹಚ್ಚಲು ಒಂದು ದಾರಿ ಮಾಡಿಕೊಟ್ಟವರು ಈಕೆ. ಈಗ ಮೊಬೈಲಿನಲ್ಲಿ ಹತ್ತು ಪ್ರಶ್ನೆಗೆ ಉತ್ತರ ಒತ್ತಿದರೆ ‘ನಿಮ್ಮದು ಇಂಥ ಬಗೆ’ ಎಂದು ಹೇಳಿಬಿಡುವ ಆಟಗಳಿವೆ. ಆ ಬಗೆಗಳು ಹುಟ್ಟಿಬಂದ ದಾರಿಯಲ್ಲಿ ಒಂದು ಯುದ್ಧವಿದೆ, ಒಂದು ಆಸ್ಪತ್ರೆಯ ವಾರ್ಡಿದೆ, ಆಫ್ರಿಕಾದ 26 ಮನೆಗಳೂ ಅಮೆರಿಕದ 26 ಮನೆಗಳೂ ಇವೆ. ಅವಸರ ಮಾತ್ರ ಎಲ್ಲೂ ಇರಲಿಲ್ಲ.

ಮುದ್ದು ಮಾಡಬೇಡಿ ಎಂದ ಕಾಲ

ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಪಶ್ಚಿಮದ ಪಂಡಿತರು ತಾಯಂದಿರಿಗೆ ಹೇಳುತ್ತಿದ್ದ ಬುದ್ಧಿಮಾತು ಕೇಳಿದರೆ ನಮ್ಮ ಅಜ್ಜಿಯರು ಹೌಹಾರುತ್ತಿದ್ದರು. ಅಮೆರಿಕದ ಮನೋವಿಜ್ಞಾನಿ ಜಾನ್ ವಾಟ್ಸನ್ 1928ರಲ್ಲಿ ಶಿಶುಪಾಲನೆಯ ಪುಸ್ತಕವೊಂದನ್ನು ಬರೆದ. ಮಕ್ಕಳನ್ನು ಅಪ್ಪಿಕೊಳ್ಳಬೇಡಿ, ತೊಡೆಯ ಮೇಲೆ ಕೂರಿಸಿಕೊಳ್ಳಬೇಡಿ, ತಡೆಯಲಾಗದಿದ್ದರೆ ಮಲಗುವಾಗ ಹಣೆಗೊಂದು ಮುತ್ತು ಕೊಡಿ, ಬೆಳಿಗ್ಗೆ ಎದ್ದಾಗ ಕೈ ಕುಲುಕಿ ಎಂದ. ಅತ್ತಾಗಲೆಲ್ಲ ಎತ್ತಿಕೊಂಡರೆ ಮಗು ಅಳುವುದನ್ನೇ ಕಲಿಯುತ್ತದೆ ಎಂಬುದು ಅವನ ಪಂಥದವರ ಲೆಕ್ಕ. ಅವರಿಗೆ ಎದುರು ನಿಂತಿದ್ದ ಮನೋವಿಶ್ಲೇಷಕರು ಒಂದು ವಿಷಯದಲ್ಲಿ ಮಾತ್ರ ಅವರ ಜೊತೆಗಿದ್ದರು. ಕೂಸು ತಾಯಿಯನ್ನು ಹಚ್ಚಿಕೊಳ್ಳುವುದು ಅವಳು ಹಾಲು ಕೊಡುತ್ತಾಳೆಂದು. ಹೊಟ್ಟೆ ಮೊದಲು, ಪ್ರೀತಿ ಆಮೇಲೆ.

ಇದನ್ನು ಒಪ್ಪದ ಒಬ್ಬ ಲಂಡನ್ನಿನಲ್ಲಿದ್ದ. ಜಾನ್ ಬೌಲ್ಬಿ, 1907ರಲ್ಲಿ ಹುಟ್ಟಿದವನು, ಹೆಸರಾಂತ ಶಸ್ತ್ರವೈದ್ಯನ ಮಗ. ಆ ಕಾಲದ ಸಿರಿವಂತರ ಮನೆಗಳಲ್ಲಿ ಮಕ್ಕಳು ಬೆಳೆಯುತ್ತಿದ್ದದ್ದು ದಾದಿಯರ ಕೈಯಲ್ಲಿ. ಸಂಜೆ ಚಹಾ ಆದಮೇಲೆ ಗಂಟೆ ಹೊತ್ತು ತಾಯಿಯ ದರ್ಶನ. ಬೌಲ್ಬಿಯನ್ನು ಎತ್ತಿ ಆಡಿಸಿದವಳು ಮಿನ್ನಿ ಎಂಬ ದಾದಿ. ಅವನಿಗೆ ನಾಲ್ಕು ತುಂಬುವ ಹೊತ್ತಿಗೆ ಅವಳು ಕೆಲಸ ಬಿಟ್ಟು ಹೋದಳು. ತಾಯಿಯನ್ನೇ ಕಳೆದುಕೊಂಡಂತಾಯಿತು ಎಂಬ ಅರ್ಥದಲ್ಲಿ ಅವನು ಮುಂದೆ ಅದನ್ನು ನೆನೆದಿದ್ದಾನೆ. ಆಮೇಲೆ ವಸತಿಶಾಲೆ, ಕೇಂಬ್ರಿಜ್, ವೈದ್ಯ ಪದವಿ, ಮನೋವಿಶ್ಲೇಷಣೆಯ ತರಬೇತಿ.

ಲಂಡನ್ನಿನ ಮಕ್ಕಳ ಮಾರ್ಗದರ್ಶನ ಚಿಕಿತ್ಸಾಲಯವೊಂದರಲ್ಲಿ ಕೆಲಸ ಮಾಡುವಾಗ ಅವನ ಮುಂದೆ ಕಳ್ಳತನಕ್ಕೆ ಸಿಕ್ಕಿಬಿದ್ದ ಮಕ್ಕಳು ಬರುತ್ತಿದ್ದರು. ಅಂಥ 44 ಮಕ್ಕಳ ಚರಿತ್ರೆಯನ್ನು ಅವನು ಕೆದಕಿದ. ಜೊತೆಗೆ ಕದಿಯದ 44 ಮಕ್ಕಳನ್ನು ಹೋಲಿಕೆಗೆ ಇಟ್ಟುಕೊಂಡ. ಕದ್ದವರಲ್ಲಿ 14 ಮಕ್ಕಳು ಬೇರೆಯೇ ತರಹ. ಯಾರ ಮೇಲೂ ಅಕ್ಕರೆಯಿಲ್ಲ, ನಾಚಿಕೆಯಿಲ್ಲ, ಬೈದರೂ ಮುದ್ದಿಸಿದರೂ ಒಂದೇ. ಆ 14ರಲ್ಲಿ 12 ಮಕ್ಕಳು ಎಳವೆಯಲ್ಲಿ ಬಹುಕಾಲ ತಾಯಿಯಿಂದ ದೂರವಾಗಿದ್ದವರು. ಕದಿಯದ 44 ಮಕ್ಕಳಲ್ಲಿ ಹಾಗೆ ದೂರವಾಗಿದ್ದವರು ಇಬ್ಬರು. 1944ರಲ್ಲಿ ಅಚ್ಚಾದ ಈ ಅಧ್ಯಯನದಲ್ಲಿ ಇಂದಿನ ಕಣ್ಣಿಗೆ ಹುಳುಕುಗಳು ಕಾಣುತ್ತವೆ. ಆಯ್ಕೆ ಮಾಡಿದವನೂ ಅವನೇ, ಗುಂಪು ಮಾಡಿದವನೂ ಅವನೇ. ಆದರೆ ಎತ್ತಿದ ಪ್ರಶ್ನೆ ಸರಿಯಾಗಿತ್ತು.

ಅದೇ ಪ್ರಶ್ನೆಯನ್ನು ಯುದ್ಧ ಇನ್ನೂ ದೊಡ್ಡದಾಗಿ ಎತ್ತಿತು. 1939ರ ಸೆಪ್ಟೆಂಬರ್ 1ರಿಂದ ಕೆಲವೇ ದಿನಗಳಲ್ಲಿ ಬಾಂಬಿನ ಭಯಕ್ಕೆ ಬ್ರಿಟನ್ನಿನ ನಗರಗಳಿಂದ ಸುಮಾರು 15 ಲಕ್ಷ ಜನರನ್ನು ಹಳ್ಳಿಗಳಿಗೆ ಸಾಗಿಸಲಾಯಿತು. ಅವರಲ್ಲಿ ಹೆಚ್ಚಿನವರು ಕೊರಳಿಗೆ ಹೆಸರಿನ ಚೀಟಿ ಕಟ್ಟಿಸಿಕೊಂಡು, ತಂದೆ ತಾಯಿಯನ್ನು ಬಿಟ್ಟು ರೈಲು ಹತ್ತಿದ ಶಾಲಾ ಮಕ್ಕಳು. ಆ ಡಿಸೆಂಬರಿನಲ್ಲಿ ವೈದ್ಯರಾದ ಬೌಲ್ಬಿ, ಡೊನಾಲ್ಡ್ ವಿನಿಕಾಟ್ ಮತ್ತು ಇಮಾನ್ಯುಯಲ್ ಮಿಲ್ಲರ್ ಸೇರಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ಗೆ ಪತ್ರ ಬರೆದು, ಎರಡರಿಂದ ಐದು ವರ್ಷದ ಮಕ್ಕಳನ್ನು ತಾಯಿಯಿಲ್ಲದೆ ಕಳಿಸುವುದರಲ್ಲಿ ಅಪಾಯವಿದೆ ಎಂದು ಎಚ್ಚರಿಸಿದರು. ಯುದ್ಧ ಮುಗಿದಾಗ ಯುರೋಪಿನ ತುಂಬ ಮನೆಯಿಲ್ಲದ ಮಕ್ಕಳಿದ್ದರು. ಅವರ ಗತಿಯೇನು ಎಂದು ವಿಶ್ವ ಆರೋಗ್ಯ ಸಂಸ್ಥೆ ಬೌಲ್ಬಿಯನ್ನು ಕೇಳಿತು. 1951ರಲ್ಲಿ ಬಂದ ವರದಿಯ ತಿರುಳಿಷ್ಟು: ಎಳೆಯ ಮಗುವಿಗೆ ತಾಯಿಯ ಜೊತೆ, ಇಲ್ಲವೇ ತಾಯಿಯ ಜಾಗದಲ್ಲಿ ಖಾಯಂ ಆಗಿ ನಿಂತವರ ಜೊತೆ, ಬೆಚ್ಚನೆಯ, ಕಡಿಯದ ನಂಟು ಬೇಕು.

ಲಾರಾಳ ಎಂಟು ದಿನ

ವರದಿ ಓದಿದವರೆಲ್ಲ ನಂಬಲಿಲ್ಲ. ನಂಬಿಸಿದ್ದು ಒಂದು ಸಿನಿಮಾ.

ಜೇಮ್ಸ್ ರಾಬರ್ಟ್‌ಸನ್ ಸ್ಕಾಟ್ಲೆಂಡಿನವನು. ಯುದ್ಧಕಾಲದಲ್ಲಿ ಮನೋವಿಶ್ಲೇಷಕಿ ಆನಾ ಫ್ರಾಯ್ಡ್ ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ ನಡೆಸುತ್ತಿದ್ದ ಶಿಶುಗೃಹದಲ್ಲಿ ಬಾಯ್ಲರ್ ನೋಡಿಕೊಳ್ಳುವ, ಮುರಿದದ್ದನ್ನು ಸರಿಪಡಿಸುವ ಕೆಲಸಕ್ಕಿದ್ದ. ಅಲ್ಲೊಂದು ನಿಯಮ: ಯಾರೇ ಆಗಲಿ, ಮಕ್ಕಳಲ್ಲಿ ಕಂಡದ್ದನ್ನು ಚೀಟಿಯಲ್ಲಿ ಬರೆದಿಡಬೇಕು. ಬಾಯ್ಲರಿನವನೂ ಬರೆದ. ಬರೆಯುತ್ತ ಬರೆಯುತ್ತ ನೋಡುವುದನ್ನು ಕಲಿತ. 1948ರಲ್ಲಿ ಬೌಲ್ಬಿ ಅವನನ್ನು ಟ್ಯಾವಿಸ್ಟಾಕ್ ಕ್ಲಿನಿಕ್ಕಿನ ತನ್ನ ತಂಡಕ್ಕೆ ಸೇರಿಸಿಕೊಂಡು ಆಸ್ಪತ್ರೆಗಳ ಮಕ್ಕಳ ವಾರ್ಡುಗಳಿಗೆ ಕಳಿಸಿದ.

ಆಗ ಬ್ರಿಟನ್ನಿನ ಅನೇಕ ಆಸ್ಪತ್ರೆಗಳಲ್ಲಿ ತಂದೆ ತಾಯಿ ಬಂದು ನೋಡಲು ವಾರಕ್ಕೆ ಒಂದೆರಡು ಗಂಟೆ ಮಾತ್ರ. ‘ಅಮ್ಮ ಬಂದು ಹೋದರೆ ಮಕ್ಕಳು ಅಳುತ್ತವೆ, ಬರದಿದ್ದರೆ ತೆಪ್ಪಗಿರುತ್ತವೆ’ ಎಂಬುದು ದಾದಿಯರ ಅನುಭವ. ಹಾಗೆ ತೆಪ್ಪಗಾಗುವುದರ ಹಿಂದೆ ರಾಬರ್ಟ್‌ಸನ್ ಮೂರು ಹಂತ ಕಂಡ. ಮೊದಲು ಮಗು ರಚ್ಚೆ ಹಿಡಿದು ಅಳುತ್ತದೆ. ಆಮೇಲೆ ಆಸೆ ಬಿಟ್ಟು ಮಂಕಾಗುತ್ತದೆ. ಕೊನೆಗೆ ಏನೂ ಆಗಿಲ್ಲವೆಂಬಂತೆ ನಗುತ್ತ ಆಡುತ್ತದೆ, ಅಮ್ಮ ಬಂದರೆ ಗುರುತೇ ಇಲ್ಲದವರ ಹಾಗೆ ಮುಖ ತಿರುಗಿಸುತ್ತದೆ. ಮಗು ಹೊಂದಿಕೊಂಡಿತು ಎಂದು ವಾರ್ಡು ಖುಷಿಪಡುತ್ತಿದ್ದದ್ದು ಈ ಮೂರನೆಯ ಹಂತವನ್ನು ನೋಡಿ.

ಹೇಳಿದರೆ ವೈದ್ಯರು ಕೇಳಲಿಲ್ಲ. ರಾಬರ್ಟ್‌ಸನ್ ಕ್ಯಾಮೆರಾ ಹಿಡಿದ. ಎರಡು ವರ್ಷ ಐದು ತಿಂಗಳಿನ ಲಾರಾ ಹರ್ನಿಯಾ ಆಪರೇಷನ್ನಿಗೆಂದು ಎಂಟು ದಿನ ಆಸ್ಪತ್ರೆಯಲ್ಲಿದ್ದಳು. ದುಃಖದ ಗಳಿಗೆಗಳನ್ನೇ ಆರಿಸಿ ತೆಗೆದಿದ್ದಾನೆ ಎಂದು ಯಾರೂ ಹೇಳಬಾರದೆಂದು ಅವನು ದಿನವೂ ಗೊತ್ತುಪಡಿಸಿದ ಹೊತ್ತಿನಲ್ಲೇ ಚಿತ್ರ ತೆಗೆದ, ವಾರ್ಡಿನ ಗೋಡೆ ಗಡಿಯಾರ ಚಿತ್ರದಲ್ಲಿ ಕಾಣುವಂತೆ ನೋಡಿಕೊಂಡ. ಲಾರಾ ವಯಸ್ಸಿಗೆ ಮೀರಿದ ಗಟ್ಟಿ ಹುಡುಗಿ. ಗೋಳಾಡುವುದಿಲ್ಲ. ಅಳು ತಡೆದುಕೊಳ್ಳುತ್ತಾಳೆ, ಗೊಂಬೆ ಅವಚಿಕೊಳ್ಳುತ್ತಾಳೆ, ಆಡುತ್ತಿದ್ದವಳು ನಡುವೆ ಇದ್ದಕ್ಕಿದ್ದಂತೆ ಅಮ್ಮನನ್ನು ಕೇಳುತ್ತಾಳೆ. ಮನೆಗೆ ಹೊರಡುವ ದಿನ ತನ್ನ ಸಾಮಾನನ್ನೆಲ್ಲ ಬಾಚಿಕೊಳ್ಳುತ್ತಾಳೆ, ಅಮ್ಮ ಚಾಚಿದ ಕೈಯನ್ನು ಮಾತ್ರ ಹಿಡಿಯುವುದಿಲ್ಲ.

1952ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಆಫ್ ಮೆಡಿಸಿನ್‌ನಲ್ಲಿ ಚಿತ್ರ ತೋರಿಸಿದಾಗ ನೆರೆದ ವೈದ್ಯರು ದಾದಿಯರು ಸಿಟ್ಟಿಗೆದ್ದರು. ಆಸ್ಪತ್ರೆಗಳ ಹೆಸರು ಕೆಡಿಸುವ ಹುನ್ನಾರ ಎಂದರು. ಏಳು ವರ್ಷದ ಮೇಲೆ, 1959ರಲ್ಲಿ, ಸರ್ಕಾರದ ಪ್ಲಾಟ್ ಸಮಿತಿ ಮಕ್ಕಳನ್ನು ನೋಡಲು ತಂದೆ ತಾಯಿಗೆ ಹೊತ್ತಿನ ಕಟ್ಟುಪಾಡು ಇರಬಾರದು ಎಂದು ಶಿಫಾರಸು ಮಾಡಿತು.

ಅಷ್ಟರಲ್ಲಿ ಪ್ರಾಣಿಲೋಕದಿಂದಲೂ ಸಾಕ್ಷಿ ಬರತೊಡಗಿತ್ತು. ಮೊಟ್ಟೆಯೊಡೆದು ಬಂದ ಹೆಬ್ಬಾತಿನ ಮರಿಗಳು ಮೊದಲು ಕಂಡ ಜೀವದ ಹಿಂದೆ ನಡೆಯುತ್ತವೆ, ತುತ್ತು ಕೊಡಲಿ ಬಿಡಲಿ ಎಂದು ಕೊನ್ರಾಡ್ ಲೊರೆಂಟ್ಸ್ ಮೊದಲೇ ತೋರಿಸಿದ್ದ. 1958ರಲ್ಲಿ ವಿಸ್ಕಾನ್ಸಿನ್ನಿನ ಹ್ಯಾರಿ ಹಾರ್ಲೊ ತಾಯಿಯಿಂದ ಬೇರ್ಪಡಿಸಿದ ಕೋತಿಮರಿಗಳ ಪ್ರಯೋಗವನ್ನು ವಿವರಿಸಿದ. ಒಂದು ಬೊಂಬೆ ಬರೀ ತಂತಿಯದು, ಹಾಲಿನ ಬಾಟಲಿ ಇದ್ದದ್ದು ಅದರಲ್ಲೇ. ಇನ್ನೊಂದಕ್ಕೆ ಮೆತ್ತನೆ ಬಟ್ಟೆ ಸುತ್ತಿತ್ತು. ಮರಿಗಳು ಹಸಿವಾದಾಗ ತಂತಿಯ ಹತ್ತಿರ ಹೋಗಿ ಹಾಲು ಕುಡಿದವು, ಉಳಿದ ಹೊತ್ತೆಲ್ಲ ಬಟ್ಟೆಯ ಬೊಂಬೆಯನ್ನು ತಬ್ಬಿಕೊಂಡಿದ್ದವು. ಆ ಮರಿಗಳು ಪಟ್ಟ ಸಂಕಟ ನೋಡಿದರೆ ಅಂಥ ಪ್ರಯೋಗ ಇವತ್ತು ಯಾರಿಗೂ ಬೇಡ. ಆದರೆ ‘ಹೊಟ್ಟೆ ಮೊದಲು’ ಎಂಬ ಲೆಕ್ಕ ಅಲ್ಲಿಗೆ ಮುಗಿಯಿತು.

ಚಪ್ಪಾಳೆ ತಟ್ಟಿದ ಕೂಸುಗಳು

ಮೇರಿ ಏನ್ಸ್‌ವರ್ತ್ ಹುಟ್ಟಿದ್ದು 1913ರಲ್ಲಿ ಅಮೆರಿಕದ ಒಹಾಯೊ ರಾಜ್ಯದಲ್ಲಿ, ಬೆಳೆದದ್ದು ಕೆನಡಾದ ಟೊರಾಂಟೊದಲ್ಲಿ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಅವರ ಗುರು ವಿಲಿಯಂ ಬ್ಲಾಟ್ಸ್, ತಂದೆ ತಾಯಿಯ ಭರವಸೆ ಇದ್ದರೆ ಮಗು ಧೈರ್ಯವಾಗಿ ಹೊರಗಿನ ಲೋಕಕ್ಕೆ ಕಾಲಿಡುತ್ತದೆ ಎನ್ನುತ್ತಿದ್ದ. ಯುದ್ಧದಲ್ಲಿ ಕೆನಡಾದ ಮಹಿಳಾ ಸೇನೆ ಸೇರಿ ಮೇಜರ್ ಹುದ್ದೆಗೇರಿದರು. 1950ರಲ್ಲಿ ಮದುವೆಯಾಗಿ, ಗಂಡನ ಓದಿಗೆಂದು ಲಂಡನ್ನಿಗೆ ಬಂದಾಗ ಕೈಯಲ್ಲಿ ಕೆಲಸವಿರಲಿಲ್ಲ. ಪತ್ರಿಕೆಯಲ್ಲಿ ಕಂಡ ಜಾಹೀರಾತಿಗೆ ಅರ್ಜಿ ಹಾಕಿದರು. ಕೆಲಸ ಬೌಲ್ಬಿಯ ತಂಡದಲ್ಲಿ. ರಾಬರ್ಟ್‌ಸನ್ ಬರೆದ ಟಿಪ್ಪಣಿಗಳ ಕಟ್ಟು ಅವರ ಮೇಜಿಗೆ ಬಂತು. ಎಂದಾದರೂ ಸ್ವಂತ ಅಧ್ಯಯನ ಮಾಡಿದರೆ ಹೀಗೆಯೇ, ಮಕ್ಕಳಿರುವಲ್ಲಿಗೇ ಹೋಗಿ ನೋಡಿ ಬರೆಯಬೇಕು ಎಂದು ಅವರು ಅಂದೇ ನಿಶ್ಚಯಿಸಿಕೊಂಡರು.

ಅವಕಾಶ ಸಿಕ್ಕಿದ್ದು ಗಂಡನಿಗೆ ಕಂಪಾಲಾದಲ್ಲಿ ಕೆಲಸ ಸಿಕ್ಕಾಗ. ಅಲ್ಲಿನ ಗಂಡಾ ಎಂಬ ಜನರಲ್ಲಿ ಮೊಲೆ ಬಿಡಿಸುವಾಗ ಮಗುವನ್ನು ಅಜ್ಜಿಮನೆಗೆ ಕಳಿಸುವ ರೂಢಿಯಿದೆ ಎಂದು ಕೇಳಿ, ಆ ಅಗಲಿಕೆಯನ್ನು ಅಭ್ಯಾಸ ಮಾಡಬೇಕೆಂದು ಹೊರಟರು. ಹೋಗಿ ನೋಡಿದರೆ ಆ ರೂಢಿ ಬಹುಮಟ್ಟಿಗೆ ಬಿಟ್ಟುಹೋಗಿತ್ತು. ಬೇರೆಯವರಾದರೆ ಪೆಟ್ಟಿಗೆ ಕಟ್ಟುತ್ತಿದ್ದರು. ಏನ್ಸ್‌ವರ್ತ್ ಪ್ರಶ್ನೆಯನ್ನೇ ಬದಲಿಸಿದರು. ಅಗಲಿಕೆ ಬೇಡ, ಹಚ್ಚಿಕೊಳ್ಳುವುದು ಹೇಗೆ ಶುರುವಾಗುತ್ತದೆ ಎಂಬುದನ್ನೇ ನೋಡೋಣ.

ಮನೆಯವರನ್ನು ಕಾರಿನಲ್ಲಿ ಮಕ್ಕಳ ಚಿಕಿತ್ಸಾಲಯಕ್ಕೆ ಕರೆದೊಯ್ದು ವಾಪಸು ಬಿಡುತ್ತ, ಮಧ್ಯಾಹ್ನ ಚಾಪೆಯ ಮೇಲೆ ಕೂತು ಮಾತಾಡುತ್ತ, ಅವರು ಒಂದೊಂದೇ ಸಂಗತಿ ಗುರುತು ಹಾಕಿಕೊಂಡರು. ತಾಯಿ ಎತ್ತಿಕೊಂಡಾಗ ನಿಲ್ಲುವ ಅಳು ಬೇರೆಯವರು ಎತ್ತಿಕೊಂಡರೆ ನಿಲ್ಲುವುದಿಲ್ಲ. ತಾಯಿ ಕೋಣೆಯಲ್ಲಿದ್ದರೆ ಕೂಸು ಧೈರ್ಯವಾಗಿ ತೆವಳಿ ಹೋಗಿ ಹೊಸ ವಸ್ತು ಮುಟ್ಟುತ್ತದೆ, ನಡುವೆ ಬಂದು ತಾಯಿಯ ಮಂಡಿ ಮುಟ್ಟಿ ಮತ್ತೆ ಹೊರಡುತ್ತದೆ. ತಾಯಿ ಹೊರಟುಹೋದರೆ ಆಟ ನಿಲ್ಲುತ್ತದೆ. ಮನೆಗೆ ಬಂದ ತಾಯಿಯನ್ನು ಕಂಡು ಗಂಡಾ ಕೂಸುಗಳು ಚಪ್ಪಾಳೆ ತಟ್ಟುತ್ತಿದ್ದವು. ಇಂಗ್ಲಿಷ್ ಮಕ್ಕಳ ಹಾಗೆ ಅಪ್ಪಿ ಮುತ್ತಿಡುವುದು ಅಲ್ಲಿಲ್ಲ. ಅಕ್ಕರೆ ಒಂದೇ, ತೋರಿಸುವ ರೀತಿ ಊರಿಗೊಂದು.

28 ಕೂಸುಗಳಲ್ಲಿ 16 ತಾಯಿಯನ್ನು ನೆಚ್ಚಿ ನಿರಾಳವಾಗಿದ್ದವು. 7 ಕೂಸುಗಳು ತಾಯಿ ಎತ್ತಿಕೊಂಡಿದ್ದರೂ ಅಳುತ್ತಿದ್ದವು. 5 ಇನ್ನೂ ಯಾರನ್ನೂ ಹಚ್ಚಿಕೊಂಡಂತೆ ಕಾಣಲಿಲ್ಲ. ಯಾಕೆ ಹೀಗೆ? ಕೂಸನ್ನು ಎಷ್ಟು ಜನ ನೋಡಿಕೊಳ್ಳುತ್ತಾರೆ ಎಂಬುದು ಲೆಕ್ಕಕ್ಕೆ ಬರಲಿಲ್ಲ. ಲೆಕ್ಕಕ್ಕೆ ಬಂದದ್ದು ಯಾರೂ ಊಹಿಸದ ಒಂದು ಸಂಗತಿ. ಮಗುವಿನ ಬಗ್ಗೆ ಕೇಳಿದಾಗ, ಅದಕ್ಕೆ ಏನಿಷ್ಟ, ಯಾವಾಗ ಏಳುತ್ತದೆ, ನಿನ್ನೆ ಹೊಸದಾಗಿ ಏನು ಮಾಡಿತು ಎಂದು ತಾನಾಗಿ ವಿವರವಾಗಿ ಹೇಳಬಲ್ಲ ತಾಯಂದಿರ ಕೂಸುಗಳು ಬಹುಪಾಲು ಮೊದಲ ಗುಂಪಿನಲ್ಲಿದ್ದವು. ಕೂಸನ್ನು ಬಲ್ಲವಳ ಹತ್ತಿರ ಕೂಸು ನಿಶ್ಚಿಂತೆಯಾಗಿತ್ತು. ಈ ಅಧ್ಯಯನ ಪುಸ್ತಕವಾಗಿ ಬಂದದ್ದು 1967ರಲ್ಲಿ.

ಎರಡು ಕುರ್ಚಿ, ಒಂದಿಷ್ಟು ಆಟಿಕೆ

ಆಫ್ರಿಕಾದಿಂದ ಏನ್ಸ್‌ವರ್ತ್ ಹೋದದ್ದು ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯಕ್ಕೆ. ಕೈ ಕುಲುಕಿ ಎಂದಿದ್ದ ವಾಟ್ಸನ್ ಒಂದು ಕಾಲಕ್ಕೆ ಮೇಷ್ಟರಾಗಿದ್ದ ವಿಶ್ವವಿದ್ಯಾಲಯವೂ ಅದೇ. 1963ರಲ್ಲಿ ಅಲ್ಲಿ ಮತ್ತೆ 26 ಮನೆ. ಕೂಸಿಗೆ ಮೂರು ವಾರ ತುಂಬಿದಂದಿನಿಂದ 54 ವಾರದವರೆಗೆ, ಮೂರು ವಾರಕ್ಕೊಮ್ಮೆ, ಒಂದು ಸಲಕ್ಕೆ ನಾಲ್ಕು ಗಂಟೆ. ಒಂದೊಂದು ಮನೆಯಲ್ಲೂ ಸುಮಾರು 72 ಗಂಟೆ ನೋಡಿದಂತಾಯಿತು. ಹಾಲು ಕುಡಿಸುವಾಗ ಕೂಸಿನ ಗತಿಗೆ ತಾಯಿ ಹೊಂದುತ್ತಾಳೋ, ತನ್ನ ಗತಿಗೆ ಕೂಸನ್ನು ಒಗ್ಗಿಸುತ್ತಾಳೋ? ಅತ್ತ ಎಷ್ಟು ಹೊತ್ತಿಗೆ ಎತ್ತಿಕೊಳ್ಳುತ್ತಾಳೆ? ಎತ್ತಿಕೊಂಡಾಗ ಕೈ ಮೃದುವೋ ಬಿರುಸೋ? ಎಲ್ಲವೂ ಟಿಪ್ಪಣಿಗೆ ಹೋಯಿತು.

1972ರಲ್ಲಿ ಸಿಲ್ವಿಯಾ ಬೆಲ್ ಜೊತೆ ಏನ್ಸ್‌ವರ್ತ್ ಬರೆದ ಲೇಖನ ಗದ್ದಲವೆಬ್ಬಿಸಿತು. ಮೊದಲ ತಿಂಗಳುಗಳಲ್ಲಿ ಅತ್ತಾಗ ಬೇಗ ಓಗೊಟ್ಟ ತಾಯಂದಿರ ಕೂಸುಗಳು ವರ್ಷ ತುಂಬುವ ಹೊತ್ತಿಗೆ ಕಮ್ಮಿ ಅಳುತ್ತಿದ್ದವು. ವಾಟ್ಸನ್ ಪಂಥದವರು ಅಂಕಿಅಂಶದಲ್ಲಿ ತಪ್ಪು ಹುಡುಕಿ ವರ್ಷಗಟ್ಟಲೆ ಜಗಳವಾಡಿದರು. ‘ಎತ್ತಿಕೊಂಡು ಅಭ್ಯಾಸ ಮಾಡಬೇಡ, ಕೈಬಿಡುವುದಿಲ್ಲ’ ಎಂದು ನಮ್ಮಲ್ಲೂ ಬಾಣಂತಿಗೆ ಬುದ್ಧಿ ಹೇಳುವವರುಂಟು. ಆ ಮಾತನ್ನು ಗಡಿಯಾರ ಹಿಡಿದು ಪರೀಕ್ಷಿಸಿದ್ದು ಬಾಲ್ಟಿಮೋರಿನಲ್ಲಿ.

ಒಂದು ತೊಡಕು ಉಳಿದಿತ್ತು. ಉಗಾಂಡಾದಲ್ಲಿ ತಾಯಿ ಬಾಗಿಲು ದಾಟಿದರೆ ಕೂಸು ಅಳುತ್ತಿತ್ತು. ಬಾಲ್ಟಿಮೋರಿನ ಮನೆಗಳಲ್ಲಿ ತಾಯಿ ಒಂದು ಕೋಣೆಯಿಂದ ಇನ್ನೊಂದಕ್ಕೆ ಓಡಾಡುತ್ತಲೇ ಇರುತ್ತಾಳೆ, ಕೂಸಿಗೆ ಅದು ರೂಢಿ. ತಾಯಿಯನ್ನು ನೆಚ್ಚಿ ಲೋಕಕ್ಕೆ ಕಾಲಿಡುವ ಆ ಹೋಗಿಬರುವಿಕೆ ಕಾಣಬೇಕಾದರೆ ಕೂಸಿಗೆ ಗೊತ್ತಿಲ್ಲದ ಜಾಗ ಬೇಕು. ಸಹೋದ್ಯೋಗಿ ಬಾರ್ಬರಾ ವಿಟಿಗ್ ಜೊತೆ ಸೇರಿ ಏನ್ಸ್‌ವರ್ತ್ ಒಂದು ಸಣ್ಣ ನಾಟಕ ಹೆಣೆದರು. ಅದರ ಹೆಸರು ‘ಅಪರಿಚಿತ ಸನ್ನಿವೇಶ’.

ಒಂದು ಕೋಣೆ, ಕುರ್ಚಿಗಳು, ನೆಲದ ಮೇಲೆ ಆಟಿಕೆ. ಒಂದು ಕಡೆಯಿಂದ ಮಾತ್ರ ಕಾಣುವ ಗಾಜಿನ ಹಿಂದೆ ನೋಡುವವರು. ಒಟ್ಟು ಎಂಟು ದೃಶ್ಯ, ಮೊದಲನೆಯದು ಬಿಟ್ಟರೆ ಒಂದೊಂದಕ್ಕೂ ಹೆಚ್ಚೆಂದರೆ ಮೂರು ನಿಮಿಷ. ವರ್ಷದ ಕೂಸನ್ನು ತಾಯಿ ಆಟಿಕೆಗಳ ನಡುವೆ ಬಿಡುತ್ತಾಳೆ. ಪರಿಚಯವಿಲ್ಲದ ಹೆಂಗಸೊಬ್ಬಳು ಬಂದು ಮೊದಲ ನಿಮಿಷ ಸುಮ್ಮನೆ ಕೂರುತ್ತಾಳೆ, ಎರಡನೆಯ ನಿಮಿಷ ತಾಯಿಯ ಜೊತೆ ಮಾತಾಡುತ್ತಾಳೆ, ಮೂರನೆಯದರಲ್ಲಿ ಕೂಸಿನ ಹತ್ತಿರ ಸರಿಯುತ್ತಾಳೆ. ತಾಯಿ ಸದ್ದಿಲ್ಲದೆ ಹೊರಗೆ ಹೋಗುತ್ತಾಳೆ, ಬರುತ್ತಾಳೆ. ಎರಡನೆಯ ಸಲ ಟಾಟಾ ಹೇಳಿ ಹೋಗುತ್ತಾಳೆ, ಕೂಸು ಒಂಟಿ. ಅಪರಿಚಿತೆ ಬಂದು ಸಮಾಧಾನ ಮಾಡಲು ನೋಡುತ್ತಾಳೆ. ಕೊನೆಗೆ ತಾಯಿ ಬಂದು ಎತ್ತಿಕೊಳ್ಳುತ್ತಾಳೆ. ಕೂಸು ಬಹಳ ಅತ್ತರೆ ದೃಶ್ಯವನ್ನು ಅಲ್ಲಿಗೇ ಮೊಟಕುಗೊಳಿಸಬೇಕು. ಎಲ್ಲ ಸೇರಿ ಇಪ್ಪತ್ತು ಚಿಲ್ಲರೆ ನಿಮಿಷ.

ತಾಯಿ ಹೋದಾಗ ಕೂಸು ಎಷ್ಟು ಅಳುತ್ತದೆ ಎಂಬುದರಲ್ಲಿ ಉತ್ತರ ಸಿಕ್ಕೀತು ಎಂದುಕೊಂಡಿದ್ದರು. ಸಿಕ್ಕಿದ್ದು ಅವಳು ಮರಳಿ ಬಂದಾಗ. ಆ ಮನೆಗಳ 23 ಕೂಸುಗಳು ಈ ಕೋಣೆ ಹೊಕ್ಕವು. 13 ಕೂಸುಗಳು ತಾಯಿ ಬಂದೊಡನೆ ಕೈ ಚಾಚಿ ಹೋಗಿ, ಅವಳ ಹೆಗಲಿಗೆ ಒರಗಿ, ಕೊಂಚ ಹೊತ್ತಿಗೆ ಸುಧಾರಿಸಿಕೊಂಡು ಆಟಕ್ಕಿಳಿದವು. 4 ಕೂಸುಗಳು ಎತ್ತಿಕೋ ಎಂದು ಅತ್ತು, ಎತ್ತಿಕೊಂಡರೆ ಕೊಸರಾಡಿ ಒದ್ದವು. ಇಳಿಸಿದರೆ ಮತ್ತೆ ಕಾಲು ಹಿಡಿದವು. 6 ಕೂಸುಗಳು ಮಾತ್ರ ತಾಯಿ ಹೋದಾಗಲೂ ಹೆಚ್ಚು ಅಳಲಿಲ್ಲ, ಬಂದಾಗಲೂ ತಿರುಗಿ ನೋಡದೆ ಆಟಿಕೆಯಲ್ಲಿ ಮುಳುಗಿದ್ದವು. ಯಾವ ಗುಂಪಿಗೂ ಮೊದಲೇ ಹಣೆಪಟ್ಟಿ ಹಚ್ಚಬಾರದೆಂದು ಏನ್ಸ್‌ವರ್ತ್ ಬರೀ ಅಕ್ಷರ ಇಟ್ಟರು. ಮುಖ ತಿರುಗಿಸಿದವು ಎ, ನೆಚ್ಚಿದವು ಬಿ, ಕೊಸರಾಡಿದವು ಸಿ.

ಎ ಗುಂಪಿನ ಕೂಸುಗಳನ್ನು ಕಂಡ ಯಾರಾದರೂ ‘ಎಂಥ ಜಾಣ ಮಗು, ಹಟವೇ ಇಲ್ಲ’ ಎನ್ನುತ್ತಿದ್ದರು. ಏನ್ಸ್‌ವರ್ತ್‌ಗೆ ಮಾತ್ರ ಇವನ್ನು ಎಲ್ಲೋ ನೋಡಿದ ನೆನಪು. ರಾಬರ್ಟ್‌ಸನ್ ಟಿಪ್ಪಣಿಗಳಲ್ಲಿ ವಾರಗಟ್ಟಲೆ ಆಸ್ಪತ್ರೆಯಲ್ಲಿದ್ದು ಅಮ್ಮನಿಂದ ಮುಖ ತಿರುಗಿಸಿದ್ದ ಮಕ್ಕಳು ಇವೇ ಅಲ್ಲವೇ? ಆದರೆ ಇವು ತಾಯಿಯನ್ನು ಹಾಗೆ ಬಹುಕಾಲ ಬಿಟ್ಟಿರಲಿಲ್ಲ. 72 ಗಂಟೆಯ ಟಿಪ್ಪಣಿ ತೆರೆದಾಗ ಗಂಟು ಬಿಚ್ಚಿಕೊಂಡಿತು. ಈ ಕೂಸುಗಳ ತಾಯಂದಿರಿಗೆ ಮೈಗೆ ಮೈ ತಾಗಿಸಿ ಅಪ್ಪಿಕೊಳ್ಳುವುದೇ ಹಿಡಿಸುತ್ತಿರಲಿಲ್ಲ. ಮನೆಯಲ್ಲಿ ಇವು ಬಿ ಗುಂಪಿನ ಕೂಸುಗಳಿಗಿಂತ ಹೆಚ್ಚು ಅಳುತ್ತಿದ್ದವು, ಸಿಡುಕುತ್ತಿದ್ದವು. ಕೊಸರಾಡಿದ ಕೂಸುಗಳ ತಾಯಂದಿರು ಒಮ್ಮೆ ಓಗೊಡುವರು, ಒಮ್ಮೆ ಇಲ್ಲ. ಯಾವಾಗ ಏನು ಎಂಬುದು ಕೂಸಿಗೆ ತಿಳಿಯದು. ನೆಚ್ಚಿದ ಕೂಸುಗಳ ತಾಯಂದಿರು ಮಗುವಿನ ಸನ್ನೆ ಅರಿತು ನಡೆಯುವವರು. 1977ರಲ್ಲಿ ಅಲನ್ ಸ್ರೂಫ್ ಮತ್ತು ಎವರೆಟ್ ವಾಟರ್ಸ್ ಕೂಸುಗಳ ಎದೆಬಡಿತ ಅಳೆದರು. ಆಟಿಕೆಯಲ್ಲಿ ತಲ್ಲೀನವಾದಂತಿದ್ದ ಎ ಗುಂಪಿನ ಕೂಸುಗಳ ಎದೆಯೂ ಢವಢವ ಹೊಡೆದುಕೊಳ್ಳುತ್ತಿತ್ತು.

1978ರಲ್ಲಿ ಏನ್ಸ್‌ವರ್ತ್ ಮತ್ತು ಸಂಗಡಿಗರ ದೊಡ್ಡ ಪುಸ್ತಕ ಬಂತು. ಅದರಲ್ಲಿ 106 ಕೂಸುಗಳಿದ್ದವು. ಸುಮಾರು ಮೂರರಲ್ಲಿ ಎರಡು ಪಾಲು ನೆಚ್ಚಿದ ಗುಂಪು.

ದಿಕ್ಕುಗೆಟ್ಟ ಕೂಸು

ಮೂರು ಡಬ್ಬಿಗಳಲ್ಲಿ ಯಾವುದಕ್ಕೂ ಸೇರದ ಕೂಸುಗಳು ಎಲ್ಲ ಪ್ರಯೋಗಾಲಯಗಳಲ್ಲೂ ಕಾಣುತ್ತಿದ್ದವು. ಏನ್ಸ್‌ವರ್ತ್ ಶಿಷ್ಯೆ ಮೇರಿ ಮೇನ್ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಜುಡಿತ್ ಸೊಲೊಮನ್ ಜೊತೆ ಸೇರಿ ಅಂಥ 200 ವಿಡಿಯೊಗಳನ್ನು ಮತ್ತೆ ಮತ್ತೆ ನೋಡಿದರು. ತಾಯಿಯ ಕಡೆ ಹೊರಟ ಕೂಸು ನಡುದಾರಿಯಲ್ಲಿ ಕಲ್ಲಾಗಿ ನಿಲ್ಲುತ್ತದೆ. ಮುಖ ಆಚೆ ತಿರುಗಿಸಿಕೊಂಡು ಹತ್ತಿರ ಬರುತ್ತದೆ. ಬಾಯಿಗೆ ಕೈಯಿಟ್ಟುಕೊಂಡು ಸ್ತಬ್ಧವಾಗುತ್ತದೆ. 1986ರಲ್ಲಿ ಇದಕ್ಕೆ ‘ಡಿ’ ಎಂಬ ನಾಲ್ಕನೆಯ ಅಕ್ಷರ ಬಂತು. ಮೇನ್ ಮತ್ತು ಎರಿಕ್ ಹೆಸ್ಸೆ ಕೊಟ್ಟ ವಿವರಣೆ ಮನಸ್ಸು ಕಲಕುವಂಥದು. ಹೆದರಿದ ಕೂಸು ತಂದೆ ತಾಯಿಯ ಹತ್ತಿರ ಓಡಬೇಕು. ಹೆದರಿಸುವವರೇ ಅವರಾದರೆ? ಅಥವಾ ತಮ್ಮದೇ ಹಳೆಯ ಆಘಾತದಿಂದ ಅವರ ಮುಖದಲ್ಲೇ ಭಯ ಕೂತಿದ್ದರೆ? ಎತ್ತ ಓಡಬೇಕೆಂದು ಕೂಸಿಗೆ ತೋಚುವುದಿಲ್ಲ. ಪೆಟ್ಟು, ಹಿಂಸೆ ಕಂಡ ಮನೆಗಳ ಕೂಸುಗಳಲ್ಲಿ ಈ ಬಗೆ ಹೆಚ್ಚು. ಅಂಥ ಕಷ್ಟವಿಲ್ಲದ ಕುಟುಂಬಗಳಲ್ಲೂ ನೂರಕ್ಕೆ ಸುಮಾರು 15 ಕೂಸುಗಳಲ್ಲಿ ಕಂಡಿದೆ.

ಊರು ಬದಲಾದಾಗ

ಅಮೆರಿಕದ ಅಳತೆಗೋಲು ಎಲ್ಲ ಊರಿಗೂ ಆಗುತ್ತದೆಯೇ? ಉತ್ತರ ಜರ್ಮನಿಯ ಬೀಲೆಫೆಲ್ಡ್‌ನಲ್ಲಿ ಕಾರಿನ್ ಮತ್ತು ಕ್ಲೌಸ್ ಗ್ರೋಸ್‌ಮನ್ ದಂಪತಿ ನೋಡಿದ 49 ಕೂಸುಗಳಲ್ಲಿ ಹೆಚ್ಚುಕಮ್ಮಿ ಅರ್ಧ ಎ ಗುಂಪಿಗೆ ಸೇರಿದವು. ಮಗು ತನ್ನ ಕಾಲ ಮೇಲೆ ತಾನು ನಿಲ್ಲುವುದನ್ನು ಬೇಗ ಕಲಿಯಲಿ ಎಂದು ಬಯಸುವ ಊರದು. ಜಪಾನಿನ ಸಪ್ಪೊರೊದಲ್ಲಿ 60 ಕೂಸುಗಳಲ್ಲಿ ಎ ಒಂದೂ ಇಲ್ಲ, ಸಿ ಮೂರನೆಯ ಒಂದು ಪಾಲು. ತಾಯಿಯ ಪಕ್ಕದಲ್ಲೇ ಮಲಗಿ, ಅವಳನ್ನು ಅರೆಗಳಿಗೆಯೂ ಬಿಟ್ಟಿರದ ಕೂಸನ್ನು ಒಂಟಿಯಾಗಿ ಬಿಟ್ಟರೆ ಅದಕ್ಕೆ ಆಗುವ ದಿಗಿಲೇ ಬೇರೆ, ಅದನ್ನು ನಂಟಿನ ದೋಷ ಎನ್ನಲಾದೀತೇ ಎಂದು ಜಪಾನಿನ ಸಂಶೋಧಕರು ಕೇಳಿದರು. ಹಾರ್ವರ್ಡಿನ ಜೆರೋಮ್ ಕಾಗನ್, ಇದರಲ್ಲಿ ಬಹುಪಾಲು ಕೂಸಿನ ಹುಟ್ಟುಗುಣ ಎಂದು ಕೊನೆಯವರೆಗೂ ವಾದಿಸಿದರು.

1988ರಲ್ಲಿ ನೆದರ್ಲೆಂಡಿನ ವ್ಯಾನ್ ಐಜೆಂಡೋರ್ನ್ ಮತ್ತು ಕ್ರೂನೆನ್‌ಬರ್ಗ್ 8 ದೇಶಗಳ 32 ಅಧ್ಯಯನಗಳನ್ನು, ಸುಮಾರು 2000 ಕೂಸುಗಳನ್ನು ಒಟ್ಟುಗೂಡಿಸಿ ನೋಡಿದರು. ನೂರಕ್ಕೆ 65 ಬಿ, 21 ಎ, 14 ಸಿ. ದೇಶ ದೇಶಗಳ ನಡುವೆ ಕಂಡ ವ್ಯತ್ಯಾಸಕ್ಕಿಂತ ಒಂದೇ ದೇಶದ ಒಳಗೆ ಕಂಡ ವ್ಯತ್ಯಾಸವೇ ಹೆಚ್ಚು.

ಬೌಲ್ಬಿಯ ಮೇಲೂ ಆಕ್ಷೇಪವಿತ್ತು. ತಾಯಿಯನ್ನು ಅಡುಗೆಮನೆಗೆ ಕಟ್ಟಿಹಾಕುವ ಸಿದ್ಧಾಂತ ಎಂದು ಸ್ತ್ರೀವಾದಿಗಳು ಸಿಡಿದರು. 1964ರಲ್ಲೇ ರುಡಾಲ್ಫ್ ಶಾಫರ್ ಮತ್ತು ಪೆಗಿ ಎಮರ್ಸನ್ ಗ್ಲಾಸ್ಗೊ ನಗರದ 60 ಕೂಸುಗಳನ್ನು ಅಭ್ಯಾಸ ಮಾಡಿ, ಒಂದೂವರೆ ವರ್ಷದ ಹೊತ್ತಿಗೆ ಬಹುತೇಕ ಕೂಸುಗಳು ಅಪ್ಪ, ಅಜ್ಜಿ, ಅಣ್ಣ ಅಕ್ಕ ಎಂದು ಹಲವರನ್ನು ಹಚ್ಚಿಕೊಂಡಿರುತ್ತವೆ ಎಂದು ತೋರಿಸಿದ್ದರು. ಕೂಡುಕುಟುಂಬ ಕಂಡ ನಮಗೆ ಇದರಲ್ಲಿ ಹೊಸದೇನಿಲ್ಲ.

ಬೆಳೆಯುವ ಸಿರಿ ಮೊಳಕೆಯಲ್ಲೇ?

ಇಷ್ಟಾದ ಮೇಲೆ ಉಳಿಯುವ ಪ್ರಶ್ನೆ, ವರ್ಷದ ಕೂಸಿಗೆ ಬಂದ ಅಕ್ಷರ ಬಾಳಿಡೀ ಅಂಟಿಕೊಂಡಿರುತ್ತದೆಯೇ ಎಂಬುದು. ವಾಟರ್ಸ್ ತಂಡ ತಾನು ವರ್ಷದ ಕೂಸಾಗಿ ನೋಡಿದ್ದ ಮಕ್ಕಳನ್ನೇ ಇಪ್ಪತ್ತು ವರ್ಷದ ಮೇಲೆ ಹುಡುಕಿ ಮಾತಾಡಿಸಿತು. ಸಿಕ್ಕ 50 ಮಂದಿಯಲ್ಲಿ, ನೆಚ್ಚಿಕೆ ಇದೆಯೋ ಇಲ್ಲವೋ ಎಂಬ ಲೆಕ್ಕದಲ್ಲಿ, ನೂರಕ್ಕೆ 72 ಮಂದಿ ಇದ್ದಲ್ಲೇ ಇದ್ದರು. ಬದಲಾದವರಲ್ಲಿ ಹಲವರ ಬಾಳಿನಲ್ಲಿ ಸಾವು, ಕಾಯಿಲೆ, ತಂದೆ ತಾಯಿಯ ವಿಚ್ಛೇದನ ಬಂದುಹೋಗಿದ್ದವು. ಮಿನೆಸೋಟದಲ್ಲಿ 1975ರಿಂದ 267 ಬಡ ತಾಯಂದಿರನ್ನೂ ಅವರ ಮಕ್ಕಳನ್ನೂ ಹಿಂಬಾಲಿಸಿದ ಅಧ್ಯಯನದಲ್ಲಿ ಅಂಥ ಸ್ಥಿರತೆ ಕಾಣಲಿಲ್ಲ. ಬಾಳು ಏರುಪೇರಾದರೆ ನಂಟೂ ಏರುಪೇರಾಗುತ್ತದೆ.

ಕೆಟ್ಟದ್ದು ಸುಧಾರಿಸಬಹುದು ಎಂಬುದಕ್ಕೆ ಗಟ್ಟಿ ಸಾಕ್ಷಿ ರುಮೇನಿಯಾದಿಂದ ಬಂತು. ಸರ್ವಾಧಿಕಾರಿ ಚೌಷೆಸ್ಕು ಆಳ್ವಿಕೆ 1989ರಲ್ಲಿ ಉರುಳಿದಾಗ ಅಲ್ಲಿನ ಅನಾಥಾಲಯಗಳಲ್ಲಿ ಸಾಲುಸಾಲು ತೊಟ್ಟಿಲುಗಳಲ್ಲಿ ಅಳುವುದನ್ನೇ ಬಿಟ್ಟ ಕೂಸುಗಳಿದ್ದವು. 2000ದಲ್ಲಿ ಸಂಶೋಧಕರಾದ ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್, ಚಾರ್ಲ್ಸ್ ಜೀನಾ ಬುಖಾರೆಸ್ಟಿನ ಅನಾಥಾಲಯಗಳ 136 ಕೂಸುಗಳಲ್ಲಿ ಅರ್ಧದಷ್ಟನ್ನು ಚೀಟಿ ಎತ್ತಿದ ಹಾಗೆ ಆರಿಸಿ ಸಾಕುಮನೆಗಳಿಗೆ ಕಳಿಸಿದರು. ಮೂರೂವರೆ ವರ್ಷದ ಹೊತ್ತಿಗೆ ಸಾಕುಮನೆಯ ಮಕ್ಕಳಲ್ಲಿ ಸುಮಾರು ಅರ್ಧ ನೆಚ್ಚಿಕೆಯ ನಂಟು ಬೆಳೆಸಿಕೊಂಡಿದ್ದರು. ಇನ್ನರ್ಧ ಗುಂಪಿನಲ್ಲಿ ಐದರಲ್ಲೊಂದು ಪಾಲೂ ಇರಲಿಲ್ಲ. ಎರಡು ವರ್ಷಕ್ಕೆ ಮೊದಲೇ ಮನೆ ಸೇರಿದವರಿಗೆ ಹೆಚ್ಚು ಲಾಭವಾಗಿತ್ತು.

ನಮ್ಮ ದೇಶದ 2015ರ ಬಾಲನ್ಯಾಯ ಕಾಯ್ದೆ ಮಗುವನ್ನು ಸಂಸ್ಥೆಯಲ್ಲಿ ಇರಿಸುವುದು ಕೊನೆಯ ದಾರಿಯಾಗಬೇಕು ಎನ್ನುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ-ಮಗು ಘಟಕವಿದೆ. ಹೆರಿಗೆಯ ಆಸುಪಾಸಿನಲ್ಲಿ ತೀವ್ರ ಮನೋರೋಗಕ್ಕೆ ತುತ್ತಾದ ತಾಯಿಯನ್ನು ಅಲ್ಲಿ ಕೂಸಿನ ಸಮೇತ ಸೇರಿಸಿಕೊಳ್ಳುತ್ತಾರೆ. ಲಾರಾಳ ಕಾಲದ ಆಸ್ಪತ್ರೆಗಳು ಇದನ್ನು ಕನಸಿನಲ್ಲೂ ಎಣಿಸಿರಲಿಲ್ಲ.

ಬೌಲ್ಬಿ 1990ರಲ್ಲಿ, ಏನ್ಸ್‌ವರ್ತ್ 1999ರಲ್ಲಿ ತೀರಿಕೊಂಡರು. ಮೊಬೈಲಿನ ಪ್ರಶ್ನಾವಳಿಗಳಲ್ಲಿ ಉಳಿದಿರುವುದು ಅವರ ಇಪ್ಪತ್ತು ನಿಮಿಷದ ಕೋಣೆ, ಅದೂ ಮಸುಕಾಗಿ. ಅದಕ್ಕೆ ಅರ್ಥ ಕೊಟ್ಟ 72 ಗಂಟೆ ಮರೆತುಹೋಗಿದೆ. ಮೇರಿ ಮೇನ್ ಮತ್ತು ಡೊನ್ನಾ ವೆಸ್ಟನ್ 1981ರಲ್ಲಿ ತೋರಿಸಿದ ಒಂದು ಸಂಗತಿಯಂತೂ ಆ ಆಟಗಳಲ್ಲಿ ಹುಡುಕಿದರೂ ಸಿಗದು. ತಾಯಿಯ ಜೊತೆ ಕೋಣೆಗೆ ಬಂದಾಗ ಎ ಗುಂಪಿಗೆ ಸೇರಿದ ಕೂಸು, ತಂದೆಯ ಜೊತೆ ಬಂದಾಗ ಬಿ ಗುಂಪಿಗೆ ಸೇರಬಹುದು. ಕೂಸು ಅದೇ, ಕೋಣೆ ಅದೇ. ಅಕ್ಷರ ಹೋಗುವುದು ನಂಟಿಗೆ. ಅದನ್ನು ಕೂಸಿನ ಜಾತಕದಲ್ಲಿ ಬರೆಯಲು ಬರುವುದಿಲ್ಲ.